ಮೊದಲ ಮುದ್ದೆ

ಎಸರು ಕುದಿದು ಮುಚ್ಚಳ ಕುಣಿಯುತ್ತಿತ್ತು. ರಾಮಕ್ಕ ಹಿಟ್ಟಿನ ಡಬ್ಬ ಕಂಕುಳಲ್ಲಿ ಅವುಚಿಕೊಂಡು ನಿಂತವಳು ನಿಂತೇ ಇದ್ದಳು. ಸುರಿದರೆ ತೊಳಸಬೇಕು. ತೊಳಸಿದರೆ ಮುದ್ದೆ ಕಟ್ಟಬೇಕು. ಕಟ್ಟಿದ ಮೇಲೆ? ಡಬ್ಬ ಕೆಳಗಿಟ್ಟಳು. ಹಿತ್ತಲ ಬಾಗಿಲಿಗೆ ಹೋದಳು. ತಂತಿಬೇಲಿಯಾಚೆ ಬೀದಿನಾಯಿ ಕೆಂಚ ಬಾಲದಿಂದ ಮಣ್ಣು ಗುಡಿಸುತ್ತ ಕೂತಿತ್ತು. "ಇರೋ, ಬತ್ತೀನಿ" ಅಂದು ಒಳಗೆ ಬಂದಳು. ಮತ್ತೆ ಡಬ್ಬ ಎತ್ತಿಕೊಂಡಳು. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ.

ಕಿಟಕಿಯ ಕಟ್ಟೆಯ ಮೇಲೆ ಎರಡು ವಸ್ತುಗಳಿದ್ದವು. ಒಂದು, ನಾಯಿ ಮಾತ್ರೆಯ ತಗಡಿನ ಡಬ್ಬಿ. ಎರಡು ವರ್ಷದಿಂದ ದಿನಾ ಅದರ ಮುಚ್ಚಳ ತೆಗೆದು, ಒಂದು ಬಿಳಿ ಮಾತ್ರೆ ಎಣಿಸಿ, ಮುಚ್ಚಿ ಇಟ್ಟವಳು ಅವಳೇ. ಇನ್ನೊಂದು, ಕಂದು ಕಾಗದದ ಪೊಟ್ಟಣ. ಅದನ್ನು ಇವತ್ತು ಬೆಳಿಗ್ಗೆ ತಂದಿಟ್ಟು ಹೋದವನು ಕಂಪನಿಯ ಸೆಕ್ಯೂರಿಟಿ ಆಫೀಸರ್ ಜಯಸಿಂಹ. ಮಿಲಿಟರಿಯಿಂದ ನಿವೃತ್ತನಾಗಿ ಬಂದವನು. ಕಂಪನಿಯಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಅನ್ನದಿದ್ದವರ ಕಡೆಗೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

"ಹನ್ನೆರಡು ಮುದ್ದೆ ರಾಮಕ್ಕ. ಒಂದೊಂದರಲ್ಲಿ ಒಂದು ಚಿಟಿಕೆ. ಆಮೇಲೆ ಕೈ ಸೋಪು ಹಾಕಿ ತೊಳ್ಕೊ. ಮೂರು ಗಂಟೆ ಒಳಗೆ ಮುಗೀಬೇಕು. ನಾಳೆ ಎಂ.ಡಿ. ಸಾಹೇಬ್ರು ಬರ್ತಾರೆ, ಬೇಲಿ ಹತ್ರ ಒಂದು ನಾಯೀನೂ ಕಾಣಬಾರದು."

"ನಾನ್ಯಾಕ್ ಸಾ? ಕಾರ್ಪೊರೇಸನ್ನೋರು ಯಾರಾನ..."

"ಬೇರೆಯವರು ಹಾಕಿದ್ರೆ ಮೂಸಿ ನೋಡಿ ಹೋಗ್ತವೆ. ನಿನ್ನ ಕೈಯಿಂದಾದ್ರೆ ತಿಂತವೆ."

ಅವನು ಅದನ್ನು ಹೊಗಳಿಕೆಯ ಹಾಗೆ ಹೇಳಿದ. ಅವನಿಗೆ ಅದು ನಿಜವಾಗಿಯೂ ಹೊಗಳಿಕೆಯೇ ಆಗಿತ್ತು.

ಅದು ಎಂಬತ್ತನಾಲ್ಕನೇ ಇಸವಿ. ಹೊಸೂರು ರಸ್ತೆಯಿಂದ ಒಳಕ್ಕೆ ಎಲೆಕ್ಟ್ರಾನಿಕ್ ಸಿಟಿ ಅಂತ ಬೋರ್ಡು ಬಿದ್ದು ಆರು ವರ್ಷ. ಸಿಟಿ ಅನ್ನುವುದು ಬೋರ್ಡಿನಲ್ಲಿತ್ತು. ಬೋರ್ಡಿನ ಹಿಂದೆ ನಾಲ್ಕೈದು ಶೆಡ್ಡು, ತಂತಿಬೇಲಿ, ಬೇಲಿಗೆ ಸಿಕ್ಕಿಕೊಂಡ ಕುರಿಯ ಉಣ್ಣೆ. ರಾಮಕ್ಕ ಮುದ್ದೆ ತೊಳಸುವ ಈ ಕ್ಯಾಂಟೀನು ನಿಂತಿದ್ದ ಜಾಗದಲ್ಲಿ ಹಿಂದೆ ಅವಳ ಗಂಡ ಮೆದೆ ಒಟ್ಟುತ್ತಿದ್ದ. ಗಂಡ ಹೋದ. ಒಂದೂವರೆ ಎಕರೆ ರಾಗಿ ಹೊಲವೂ ಹೋಯಿತು. ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನ, ಕಾಗದದಲ್ಲಿ ಏನಿದೆ ಅಂತ ಓದಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹೊಲ ಕೊಟ್ಟವರ ಮನೆಗೊಂದು ಕೆಲಸ ಅಂದಿದ್ದರು. ಆ ಕೆಲಸ ಇದು: ಕ್ಯಾಂಟೀನು ಗುಡಿಸುವುದು, ಕಂಪನಿಯ ಕಾವಲು ನಾಯಿಗೆ ಬೇಯಿಸಿ ಹಾಕುವುದು. ಇನ್ನು ಆರು ತಿಂಗಳು ತಲೆ ತಗ್ಗಿಸಿ ದುಡಿದರೆ ಕಾಯಂ. ಕಾಯಂ ಆದರೆ ಮುಂದೆ ಕೆಲಸ ಮಗಳು ವಾಸಂತಿಯ ಹೆಸರಿಗೆ. ಹುಡುಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾಳೆ. ಗುಡಿಸುವ ಕೆಲಸವಲ್ಲ, ಒಳಗೆ ತಂತಿ ಬೆಸೆಯುವ ಕೆಲಸವೇ ಕೊಡುತ್ತಾರಂತೆ. ತಪ್ಪು ಮಾಡಿದರೆ ಆ ಮನೆಯ ಪಾಲಿಗೆ ಹೊಲವೂ ಇಲ್ಲ, ಕೆಲಸವೂ ಇಲ್ಲ.

ರಾಮಕ್ಕ ತಪ್ಪು ಮಾಡಿದ್ದಳು. ಆ ತಪ್ಪಿನ ಸುದ್ದಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ನಿಂತಲ್ಲಿ ನಿಲ್ಲಲಾಗದಿದ್ದುದು ಅದಕ್ಕೇ.

*

ಕಂಪನಿ ಶುರುವಾದಾಗ ರಾಣಿ ಅಂತ ಒಂದು ಆಲ್ಸೇಶಿಯನ್ ನಾಯಿ ತಂದರು. ಕಪ್ಪು ಬೆನ್ನು, ಆಳೆತ್ತರ, ಸಾಹೇಬರ ಜೀಪಿನಲ್ಲಿ ಮುಂದಿನ ಸೀಟು. ಅದಕ್ಕೆ ದಿನಾ ಮಾತ್ರೆ. ಜಯಸಿಂಹ ಡಬ್ಬಿ ಕೊಟ್ಟು ಹೇಳಿದ್ದು ಇಷ್ಟೇ: "ಮೊದಲನೇ ಮುದ್ದೇಲಿ ಇಡು. ಹಸಿದ ನಾಯಿ ಅಗಿಯಲ್ಲ, ನುಂಗುತ್ತೆ. ಒಂದು ದಿನಾನೂ ತಪ್ಪಿಸ್ಬೇಡ." ಯಾಕೆ ಅಂತ ಹೇಳಲಿಲ್ಲ. ನಾಯಿಗೆ ಬೇಯಿಸುವ ಹೆಂಗಸಿಗೆ ಯಾಕೆ ಅಂತ ಬೇರೆ ಹೇಳಬೇಕೆ?

ರಾಮಕ್ಕನವರದು ಭೈರವನ ಒಕ್ಕಲು. ಅವರ ಮನೆಯಲ್ಲಿ ಮಡಕೆಯಿಂದ ಎದ್ದ ಮೊದಲ ಮುದ್ದೆ ಭೈರವನ ನಾಯಿಗೆ. ಆಮೇಲೆ ಗಂಡಸರು, ಆಮೇಲೆ ಮಕ್ಕಳು, ಉಳಿದರೆ ಹೆಂಗಸರು. ಅತ್ತೆ ಕಲಿಸಿದ್ದು, ಅತ್ತೆಗೆ ಅವರತ್ತೆ ಕಲಿಸಿದ್ದು. ಬರ ಬಂದು ಹಿಡಿ ಹಿಟ್ಟಿದ್ದಾಗಲೂ ನಿಂಬೆಹಣ್ಣಿನಷ್ಟಾದರೂ ಉಂಡೆ ಮಾಡಿ ಮೊದಲು ಹೊಸಿಲಾಚೆ ಎಸೆದ ಮನೆ ಅದು. ಒಲೆ ಕಂಪನಿಯದಾದರೇನು, ಹಿಟ್ಟು ಕಂಪನಿಯದಾದರೇನು, ನೆಲ ಯಾರದು? ಮೊದಲ ದಿನವೇ ಬೇಲಿಯ ಪಕ್ಕದ ಸಿಮೆಂಟು ಪೈಪಿನಲ್ಲಿ ಹುಟ್ಟಿದ ಮೂರು ತಿಂಗಳ ಕೆಂಪು ಮರಿಯೊಂದು ಹಿತ್ತಲ ಬಾಗಿಲಲ್ಲಿ ಬಂದು ಕೂತಿತ್ತು. ಮೊದಲ ಮುದ್ದೆಯಲ್ಲಿ ಮಾತ್ರೆ ಇಡು ಅಂದಿದ್ದರು, ಇಟ್ಟಳು. ಮೊದಲ ಮುದ್ದೆ ಭೈರವನ ನಾಯಿಗೆ, ಹಾಕಿದಳು. ಎರಡನೇ ಮುದ್ದೆಯಿಂದ ಮುಂದಕ್ಕೆ, ಮಾಂಸದ ಸಾರಿನ ಜೊತೆ, ರಾಣಿಗೆ.

ಹೀಗೆ ಎರಡು ವರ್ಷ.

ಗೊತ್ತಿರಲಿಲ್ಲ ಅಂದರೆ ಸುಳ್ಳು, ಗೊತ್ತಿತ್ತು ಅಂದರೂ ಸುಳ್ಳು. ಒಂದೆರಡು ಸಲ ಅವಳ ಮನಸ್ಸು ಚುಚ್ಚಿದ್ದುಂಟು: ಇದು ದೊಡ್ಡ ನಾಯಿಗೆ ತಂದ ಮದ್ದಲ್ಲವೆ? ಆದರೆ ರಾಣಿಗೇನು ಕೊರತೆ? ಮೊಟ್ಟೆ, ಮಾಂಸ, ಮಲಗಲು ಹಾಸಿಗೆ, ವಾರಕ್ಕೊಮ್ಮೆ ಉಣ್ಣೆಹುಳ ಹೆಕ್ಕಿ ಪುಡಿ ಹಚ್ಚುವ ಕೈ. ಹೊಟ್ಟೆಹುಳದ ಮಾತ್ರೆಯಿರಬೇಕು, ಹೊಟ್ಟೆ ಉಬ್ಬಿದ ಬೀದಿಮರಿಗೇ ಬೇಕಾದ್ದು ಅಂದುಕೊಂಡಳು. ಕೆಂಚ ಗುಂಡಗೆ ಬೆಳೆಯಿತು. ಮಾತ್ರೆಗೆ ಒಂದೆರಡು ದಿನ ಕಕ್ಕಿದ್ದು ಬಿಟ್ಟರೆ ಮತ್ತೇನಾಗಲಿಲ್ಲ.

ಹೋದ ತಿಂಗಳು ರಾಣಿ ಸತ್ತಿತು. ಮೊದಲು ಕೆಮ್ಮು. ಆಮೇಲೆ ಗೇಟಿನಿಂದ ಕ್ಯಾಂಟೀನಿಗೆ ಬರುವಷ್ಟರಲ್ಲಿ ಎರಡು ಸಲ ಕೂರುವುದು. ಹೊಟ್ಟೆಯಲ್ಲಿ ನೀರು. ಒಂದು ಬೆಳಿಗ್ಗೆ ಕೆಂಪು ಉಚ್ಚೆ ಹೊಯ್ದು ಮಲಗಿದ್ದು ಏಳಲಿಲ್ಲ. ದನದ ಡಾಕ್ಟರು ಶ್ಯಾಮಸುಂದರ ಬಂದು ಕ್ಯಾಂಟೀನಿನ ಹಿಂದೆ ಗೋಣಿ ಹಾಸಿ ಕೊಯ್ದರು. ತಟ್ಟೆ ಹಿಡಿದವಳು ರಾಮಕ್ಕ. ಗುಂಡಿಗೆ ಬಿಡಿಸಿದರೆ ಒಳಗೆ ಶಾವಿಗೆ. ಬಸಿದಿಟ್ಟ ಅಕ್ಕಿ ಶಾವಿಗೆಯ ಹಾಗೆ ಬೆಳ್ಳಗೆ, ಉದ್ದುದ್ದ, ಒಂದಕ್ಕೊಂದು ಸುತ್ತಿಕೊಂಡು, ಇನ್ನೂ ಅಲ್ಲಾಡುತ್ತಿದ್ದ ಹುಳಗಳು.

"ಸೊಳ್ಳೆಯಿಂದ ಬರೋದು" ಅಂದರು ಡಾಕ್ಟರು. "ರೋಗದ ನಾಯೀನ ಕಚ್ಚಿದ ಸೊಳ್ಳೆ ಇನ್ನೊಂದನ್ನ ಕಚ್ಚಿದ್ರೆ ಮರಿಹುಳ ಒಳಗೆ ಹೋಗುತ್ತೆ. ಆರು ತಿಂಗಳಲ್ಲಿ ಬೆಳ್ಕೊಂಡು ಗುಂಡಿಗೆ ಸೇರುತ್ತೆ. ಅದನ್ನ ತಡೆಯೋಕೇ ಆ ಮಾತ್ರೆ. ದಿನಾ ಕೊಟ್ರೆ ಬರಬಾರದು. ಹೇಗೆ ಬಂತು?"

ಜಯಸಿಂಹ ರಿಜಿಸ್ಟರ್ ತೆರೆದು ತೋರಿಸಿದ. ದಿನಾ ರಾಮಕ್ಕನನ್ನು ಕೇಳಿ ಹಾಕಿದ ಒಂದು ಟಿಕ್ಕು. ಒಂದು ದಿನವೂ ತಪ್ಪಿಲ್ಲ.

ರಾಮಕ್ಕನ ಕೈಯಲ್ಲಿದ್ದ ತಟ್ಟೆ ಕಟಕಟ ಅಂದಿತು. ಹುಳ ನೋಡಿ ಹೆದರಿದ್ದಾಳೆ ಅಂದುಕೊಂಡರು. ಅವತ್ತಿನಿಂದ ಅವಳು ತಲೆಗೆ ಎಣ್ಣೆ ಇಟ್ಟಿಲ್ಲ, ಒಂದು ಮುದ್ದೆ ಪೂರ್ತಿ ಉಂಡಿಲ್ಲ. ಮಗಳು ಕೇಳಿದರೆ ಸೆಖೆ ಅನ್ನುತ್ತಾಳೆ.

ದಿನಾ ಮಾತ್ರೆ ಕೊಟ್ಟೂ ನಾಯಿ ಸತ್ತರೆ ಅರ್ಥವೇನು? ಜಯಸಿಂಹ ಫೈಲಿನಲ್ಲಿ ಬರೆದ: ಮಾತ್ರೆ ಸಾಲದು, ರೋಗದ ಬೇರನ್ನೇ ಕೀಳಬೇಕು, ಬೇರು ಅಂದರೆ ಬೇಲಿಯಾಚೆಯ ಪಾಳ್ಯದ ನಾಯಿಗಳು. ಹೊಸ ನಾಯಿ ಬಂದಾಗಿದೆ, ಮೇಜರ್ ಅಂತ ಹೆಸರು, ಬೆಲೆ ಬಾಳುವ ತಳಿ. ಪಂಚಾಯಿತಿ ಚೇರ್ಮನ್ ಗೋಪಾಲಪ್ಪ ಮಾತ್ರ ಒಂದು ಕೊಕ್ಕೆ ಹಾಕಿದ್ದ: "ದನದ ಡಾಕ್ಟರು ಸಹಿ ಹಾಕಿ ಕೊಡಲಿ, ಆಮೇಲೆ ಏನಾರ ಮಾಡ್ಕಳಿ." ಆ ಸಹಿಗೆ ಇವತ್ತು ಹನ್ನೊಂದು ಗಂಟೆಗೆ ಡಾಕ್ಟರು ಬರುವವರಿದ್ದರು.

*

ಡಾಕ್ಟರು ಮೋಟಾರ್ ಸೈಕಲ್ಲಿನ ಹಿಂದೆ ಒಂದು ಮರದ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಗೇಟಿನ ನಲ್ಲಪ್ಪ, ರಾಮಕ್ಕನ ಪಾಳ್ಯದವನೇ, ಪೆಟ್ಟಿಗೆ ಇಳಿಸಿಕೊಳ್ಳುತ್ತ ಕೇಳಿದ:

"ಏನ್ ಸಾ, ಆರ್ಮೋನಿಯಾ?"

"ಸೂಕ್ಷ್ಮದರ್ಶಕ ಕಣಯ್ಯ. ಎತ್ತಿ ಹಾಕ್ಬಿಟ್ಟೀಯ, ಕಾಲೇಜಿಂದು. ಮೇಜರ್ ರಕ್ತ ನೋಡ್ಬೇಕು. ರಕ್ತ ನೋಡದೆ ಮಾತ್ರೆ ಶುರು ಮಾಡೋ ಹಾಗಿಲ್ಲ."

"ನಮ್ ರಕ್ತ ಯಾರೂ ನೋಡಲೇ ಇಲ್ಲ ಸಾ, ಕೆಲಸಕ್ಕೆ ಸೇರಿಸ್ಕಳಾಗ. ಮೈಯಾಗೆ ರಕ್ತ ಇದ್ರೆ ಸಾಕು ಅಂದ್ರು."

ಡಾಕ್ಟರು ನಕ್ಕರು. ನಗುವಂಥದ್ದೇ ಅಲ್ಲವೆ?

ಸೆಕ್ಯೂರಿಟಿ ಕೋಣೆಯ ಕಿಟಕಿಯ ಬೆಳಕಿಗೆ ಪೆಟ್ಟಿಗೆ ತೆರೆದಿಟ್ಟು, ಮೇಜರನ ಮುಂಗಾಲಿನಿಂದ ಒಂದು ತೊಟ್ಟು ರಕ್ತ ತೆಗೆದು, ಗಾಜಿನ ಮೇಲೆ ಹಚ್ಚಿ ನೋಡಿದರು. ಸ್ವಚ್ಛ. "ಇವತ್ತಿಂದಲೇ ಶುರು ಮಾಡಿ" ಅಂದರು. ಜಯಸಿಂಹ ಟೈಪು ಮಾಡಿಸಿದ ಕಾಗದ ಮುಂದಿಟ್ಟ. ಡಾಕ್ಟರು ಕನ್ನಡಕ ಒರೆಸಿಕೊಂಡರು.

ಬಾಗಿಲಲ್ಲಿ ರಾಮಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಕೆಂಚನ ಕೊರಳಿನ ಹಗ್ಗ. ಅದರ ಹಿಂದೆ, ಕುರಿ ಕಾಯುವ ಚಿಕ್ಕಮುನಿಯಪ್ಪನ ಬಿಳಿ ನಾಯಿ, ಯಾರೂ ಕರೆಯದೆಯೇ ಕೆಂಚನ ಬಾಲ ಹಿಡಿದು ಬಂದದ್ದು.

"ಸಾ, ಇದರ ರಕ್ತಾನೂ ಒಂಚೂರು ನೋಡಿ ಸಾ."

"ಏಯ್, ಹೊರಗೆ! ಒಳಗೆ ಯಾಕೆ ಕರ್ಕೊಂಡ್ಬಂದೆ ಇದನ್ನ?" ಜಯಸಿಂಹ ಎದ್ದ. ಮೂಲೆಯಲ್ಲಿ ಮೇಜರ್ ಗುರ್ ಅಂದಿತು.

"ಸಾಯೋದಕ್ಕೆ ಮುಂಚೆ ರೋಗ ಐತಾ ಅಂತ ನೋಡ್ಬಾರದಾ ಸಾ? ರೋಗ ಇದ್ರೆ ಸಾಯ್ಲಿ. ಇಲ್ದಿದ್ರೆ?"

ಡಾಕ್ಟರಿಗೆ ಆ ಪ್ರಶ್ನೆ ಹಿಡಿಸಿತು. ಅವರು ಮೇಷ್ಟ್ರ ಮನೆಯ ಮಗ, ಒಳ್ಳೆಯ ಪ್ರಶ್ನೆಗೆ ಸೋಲುವವರು. "ಇರಲಿ ಕ್ಯಾಪ್ಟನ್, ಎರಡು ನಿಮಿಷ" ಅಂದು ಮೊದಲು ಬಿಳಿ ನಾಯಿಯನ್ನೇ ಹಿಡಿದರು. ಗಾಜು ಇಟ್ಟರು, ತಿರುಪು ತಿರುವಿದರು. ಹುಬ್ಬು ಏರಿತು.

"ಬಾರಮ್ಮ, ನೋಡು."

ರಾಮಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಬರೀ ಹಳದಿ ಬೆಳಕು. ಆಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಾಳು. ಕಾಳಿನ ನಡುವೆ ಏನೋ ಚಾಟಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದು ಹೊಡೆದುಕೊಂಡ ಕಡೆಯೆಲ್ಲ ಕಾಳು ಚದುರುತ್ತಿದ್ದವು. ಒಂದಲ್ಲ. ಮೂರು. ಐದು.

"ಒಂದು ತೊಟ್ಟಿನಲ್ಲಿ ಇಷ್ಟು" ಅಂದರು ಡಾಕ್ಟರು. "ಇವು ಮರಿಗಳು. ದೊಡ್ಡವು ಗುಂಡಿಗೇಲಿರ್ತವೆ."

"ಮಾತ್ರೆ ಹಾಕಿದ್ರೆ ಸಾಯಲ್ವಾ ಸಾ ಇವು?"

"ಅಯ್ಯೋ, ಅದೇ ಅಪಾಯ. ರಕ್ತದಲ್ಲಿ ಮರಿಹುಳ ಇರೋ ನಾಯಿಗೆ ಆ ಮಾತ್ರೆ ಹಾಕಿದ್ರೆ ಅರ್ಧ ಗಂಟೇಲಿ ನಾಯಿನೇ ಕುಸಿದು ಬೀಳಬಹುದು. ಮೊದಲು ಸೂಜಿಮದ್ದು ಕೊಟ್ಟು ದೊಡ್ಡ ಹುಳ ಸಾಯಿಸ್ಬೇಕು, ತಿಂಗಳುಗಟ್ಟಲೆ ಕಟ್ಟಿ ಹಾಕ್ಬೇಕು, ರಕ್ತ ಸ್ವಚ್ಛ ಆದ್ಮೇಲೆ ಮಾತ್ರೆ. ಮಾತ್ರೆ ಬಾಗಿಲು ಕಾಯೋದು ತಾಯಿ, ಒಳಗೆ ಬಂದ ಕಳ್ಳನ್ನ ಹಿಡಿಯೋದಲ್ಲ."

ಆಮೇಲೆ ಕೆಂಚ. ಗಾಜು. ತಿರುಪು. ಡಾಕ್ಟರು ನೋಡಿದರು. ಗಾಜು ತೆಗೆದು ಇನ್ನೊಂದು ತೊಟ್ಟು ಹಚ್ಚಿದರು. ಮತ್ತೆ ನೋಡಿದರು. ಮೂರನೇ ಸಲವೂ ನೋಡಿ ನೆಟ್ಟಗೆ ಕೂತರು.

"ಇದರಲ್ಲಿ ಏನೂ ಇಲ್ಲ! ಇವೆರಡೂ ಒಂದೇ ಕಡೆ ಮಲಗ್ತವಾ?"

"ಒಂದೇ ಪೈಪು ಸಾ" ಅಂದ ನಲ್ಲಪ್ಪ ಬಾಗಿಲಿಂದ. "ಒಂದೇ ಗುಂಡಿ ನೀರು."

"ಎಷ್ಟು ವರ್ಷದ್ದು ಇದು?"

"ಎರಡು ತುಂಬೈತೆ ಸಾ" ಅಂದಳು ರಾಮಕ್ಕ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ವಿಚಿತ್ರ. ಈ ಸೊಳ್ಳೆ ಮಧ್ಯ ಎರಡು ವರ್ಷ, ಒಂದೂ ಇಲ್ಲ ಅಂದ್ರೆ..."

ಜಯಸಿಂಹನಿಗೆ ವಿಚಿತ್ರಗಳಲ್ಲಿ ಆಸಕ್ತಿ ಇರಲಿಲ್ಲ. ಆದರೆ ಅವನು ಕೆಟ್ಟವನೂ ಅಲ್ಲ. ಹೆಂಗಸಿನ ಮುಖ ನೋಡಿ ಉದಾರವಾಗುವಷ್ಟು ಮನಸ್ಸು ಇತ್ತು. "ಸರಿ ರಾಮಕ್ಕ, ನಿನ್ನ ನಾಯಿ ಪಾಸು. ರಾಣೀದು ಹಳೇ ಬೆಲ್ಟಿದೆ, ಕಟ್ಟು ಇದಕ್ಕೆ. ಬೆಲ್ಟಿರೋದನ್ನ ಯಾರೂ ಮುಟ್ಟಲ್ಲ. ಮಿಕ್ಕ ಹನ್ನೊಂದು. ಹೋಗು, ಕೆಲಸ ನೋಡು."

ಅವಳ ಕೈಗೆ ಬೆಲ್ಟು ಬಂತು. ಒಳ್ಳೆಯ ತೊಗಲು, ಹಿತ್ತಾಳೆ ಕೊಂಡಿ, ರಾಣಿಯ ಕೂದಲು ಇನ್ನೂ ಅಂಟಿಕೊಂಡಿತ್ತು.

*

ಕ್ಯಾಂಟೀನಿನಲ್ಲಿ ರಾಮಕ್ಕ ಹಿಟ್ಟು ಸುರಿದೇಬಿಟ್ಟಳು. ಕೋಲು ಹಾಕಿ ತೊಳಸಿದಳು. ಕಾಲ ನಡುವೆ ಪಾತ್ರೆ ಸಿಕ್ಕಿಸಿ, ಮೈಭಾರವೆಲ್ಲ ಹೇರಿ, ಹಲ್ಲು ಕಚ್ಚಿ ತೊಳಸಿದಳು. ಕೆಂಚ ಉಳಿಯಿತಲ್ಲ, ಸಾಕು. ಕೆಲಸ ಉಳಿಯಿತಲ್ಲ, ಸಾಕು. ಹನ್ನೊಂದು ನಾಯಿ ಯಾರವು? ಅವಳ ಹೊಟ್ಟೆಯಲ್ಲಿ ಹುಟ್ಟಿದವೆ? ವಾಸಂತಿ ತಂತಿ ಬೆಸೆಯಲಿ. ನೀಲಿ ಕೋಟು ಹಾಕಿ, ಜಡೆ ಎತ್ತಿ ಕಟ್ಟಿ, ಬಸ್ಸಿಗೆ ಹೋಗಲಿ.

ಹಿಟ್ಟು ಬೆಂದ ವಾಸನೆ ಹೊರಗೆ ಹೋಯಿತು. ಬೇಲಿಯ ಆಚೆ ಒಂದೊಂದಾಗಿ ಬಂದು ಕೂತವು. ಕುಂಟ ಕರಿಯ. ಮೊಲೆ ಜೋತ ಬಾಣಂತಿ. ಒಂದು ಕಿವಿಯ ಮುದಿಯ. ಚಿಕ್ಕಮುನಿಯಪ್ಪನ ಬಿಳಿಯದು, ಗುಂಡಿಗೆಯಲ್ಲಿ ಶಾವಿಗೆ ಹೊತ್ತುಕೊಂಡು, ಬಾಲ ಅಲ್ಲಾಡಿಸುತ್ತ. ಬೇಲಿಯ ಈಚೆ ಒಂದು ಮೂಲೆಯಲ್ಲಿ ಅವಳ ಮಾವ ತೋಡಿಸಿದ ಬಾವಿ. ಕಂಪನಿಯವರು ಅರ್ಧ ಮುಚ್ಚಿ, ಇನ್ನರ್ಧಕ್ಕೆ ಬಚ್ಚಲು ನೀರು ಬಿಟ್ಟಿದ್ದರು. ಹಗಲಲ್ಲೂ ಅದರ ಮೇಲೆ ಸೊಳ್ಳೆ ಹೊಗೆಯ ಹಾಗೆ ಆಡುತ್ತಿತ್ತು. ಬಾವಿ ಇದ್ದಷ್ಟು ದಿನ ಪಾಳ್ಯಕ್ಕೆ ನೀರಿತ್ತು, ಸೊಳ್ಳೆ ಇರಲಿಲ್ಲ. ಈಗ ಸೊಳ್ಳೆ ಇದೆ, ನೀರಿಲ್ಲ. ಹಾಗಿದ್ದೂ ರೋಗದ ಬೇರು ನಾಯಿಯಂತೆ.

ಅವಳು ತಣ್ಣೀರಲ್ಲಿ ಕೈ ಅದ್ದಿ ಮೊದಲ ಮುದ್ದೆ ಕಟ್ಟಿದಳು. ಇನ್ನೊಂದು ಕೈ ತನಗೆ ತಾನೇ ಪೊಟ್ಟಣದ ಕಡೆ ಹೋಯಿತು. ಎರಡು ವರ್ಷದ ಅಭ್ಯಾಸ; ಮೊದಲ ಮುದ್ದೆಗೆ ಕಟ್ಟೆಯ ಮೇಲಿಂದ ಏನೋ ಒಂದು ಸೇರಿಸುವುದು. ಬೆರಳು ಕಾಗದಕ್ಕೆ ತಾಗಿದ್ದೇ ಕೆಂಡ ಮುಟ್ಟಿದವಳ ಹಾಗೆ ಹಿಂದೆ ಸರಿದಳು.

ಭೈರವನ ಮುದ್ದೆಯಲ್ಲಿ ವಿಷ. ಈ ಕೈಯಿಂದ.

ಮುದ್ದೆಯನ್ನು ಪಾತ್ರೆಗೆ ಎಸೆದು, ಹಿಟ್ಟು ಮೆತ್ತಿದ ಕೈಯಲ್ಲೇ ಪೊಟ್ಟಣ ಎತ್ತಿಕೊಂಡು ಸೆಕ್ಯೂರಿಟಿ ಕೋಣೆಗೆ ಓಡಿದಳು. ಡಾಕ್ಟರು ಕಾಗದ ಓದಿ ಮುಗಿಸಿ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ಸಾ, ಸಹಿ ಹಾಕ್ಬ್ಯಾಡಿ. ಮಾತ್ರೆ ರಾಣಿಗೆ ಓಗಿಲ್ಲ."

ಜಯಸಿಂಹ ತಲೆ ಎತ್ತಿದ. "ಏನು?"

"ಮಾತ್ರೆ ಒಂದು ದಿನಾನೂ ರಾಣಿ ತಿಂದಿಲ್ಲ ಸಾ. ಎಲ್ಲಾ ಕೆಂಚ ತಿಂದೈತೆ. ಮೊದಲ್ನೇ ಮುದ್ದೇಲಿ ಇಡು ಅಂದ್ರಿ, ಇಟ್ಟೆ. ನಮ್ಮಲ್ಲಿ ಮೊದಲ್ನೇ ಮುದ್ದೆ ಭೈರವನ ನಾಯಿಗೆ. ಆಕ್ದೆ. ಎರಡು ವರ್ಸ ಅಂಗೇ ಆಕ್ದೆ."

ಡಾಕ್ಟರು ಮೊದಲು ರಾಮಕ್ಕನನ್ನು, ಆಮೇಲೆ ಅವಳ ಹಿಂದೆಯೇ ಬಂದು ಬಾಗಿಲಲ್ಲಿ ಕೂತ ಕೆಂಚನನ್ನು, ಆಮೇಲೆ ಸೂಕ್ಷ್ಮದರ್ಶಕವನ್ನು ನೋಡಿದರು. "ಅದಕ್ಕೇ!" ಅಂದರು. ಖುಷಿಯಾಗಬಾರದ ಹೊತ್ತಿನಲ್ಲಿ ಆ ಮನುಷ್ಯನಿಗೆ ಖುಷಿಯಾಗಿತ್ತು. "ಅದಕ್ಕೇ ಇದು ಸ್ವಚ್ಛ! ಕ್ಯಾಪ್ಟನ್, ಮಾತ್ರೆ ಕೆಲಸ ಮಾಡಿದೆ. ಈ ಸೊಳ್ಳೆ ಮಧ್ಯಾನೂ ಕೆಲಸ ಮಾಡಿದೆ!"

"ನೀನು ರಾಣೀನ ಕೊಂದೆ" ಅಂದ ಜಯಸಿಂಹ. ಅವನ ದನಿ ಏರಲಿಲ್ಲ. ಕಣ್ಣಂಚು ಕೆಂಪಾಗಿತ್ತು; ಆ ನಾಯಿಯನ್ನು ಅವನು ತನ್ನ ಕೈಯಾರೆ ಸಾಕಿದ್ದ.

"ಹೂಂ ಸಾ. ಕೊಂದೆ. ಗೊತ್ತಿಲ್ದಂಗೆ ಒಂದು ಕೊಂದೆ. ಒಂದು ತಿಂಗಳಿಂದ ಕೂಳು ಇಳೀತಿಲ್ಲ. ಈಗ ಗೊತ್ತಿದ್ದೂ ಗೊತ್ತಿದ್ದೂ ಹನ್ನೊಂದು ಕೊಲ್ಲು ಅಂತೀರಿ." ಪೊಟ್ಟಣವನ್ನು ಮೇಜಿನ ಮೇಲೆ, ಸಹಿಯಾಗದ ಕಾಗದದ ಮೇಲೆ ಇಟ್ಟಳು. ಕಾಗದಕ್ಕೆ ರಾಗಿಹಿಟ್ಟು ಮೆತ್ತಿತು. "ನಿಮ್ ವಸ್ತು, ನೀವೇ ಮಡೀಕಳಿ."

"ಔಟ್! ಇವತ್ತೇ, ಈಗಲೇ! ಕೆಲಸ ಹೋಯ್ತು ಅಂತ ತಿಳ್ಕೊ. ಡಾಕ್ಟ್ರೇ, ಸಹಿ ಹಾಕಿ. ಇವಳು ಮಾಡಿದ್ದೇನೇ ಇರಲಿ, ಆ ಬಿಳೀ ನಾಯೀಲಿ ಹುಳ ಇರೋದು ನಿಜ ತಾನೆ?"

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಅವರು ಧೈರ್ಯಸ್ಥರೇನಲ್ಲ. ಆದರೆ ಕಣ್ಣಾರೆ ಕಂಡ ಎರಡು ಗಾಜಿನ ಚೂರು ಮುಂದಿದ್ದವು. "ಇದರಲ್ಲಿ 'ಔಷಧ ನೀಡಿಯೂ ರೋಗ ತಗುಲಿದೆ' ಅಂತ ಬರೆದಿದ್ದೀರಿ. ಅದು ಸುಳ್ಳು ಅಂತ ಈಗ ಗೊತ್ತಾಯ್ತಲ್ಲ. ಮೇಜರ್‌ಗೆ ದಿನಾ ಮಾತ್ರೆ ಕೊಡಿ, ಆ ಬಚ್ಚಲು ನೀರಿನ ಗುಂಡಿ ಮುಚ್ಚಿಸಿ, ಅಷ್ಟು ಸಾಕು. ನಾನು ಹಾಗೇ ಬರೆದುಕೊಡ್ತೀನಿ. ಇದಕ್ಕೆ ಸಹಿ ಹಾಕಕ್ಕಾಗಲ್ಲ."

ಸೋಲನ್ನು ಕಾಗದದಲ್ಲಿ ತೀರಿಸಿಕೊಳ್ಳುವುದು ಜಯಸಿಂಹನಿಗೆ ಗೊತ್ತಿತ್ತು. ಬಿಳಿ ಹಾಳೆ ಎಳೆದುಕೊಂಡು ಬರಬರ ಗೀಚಿ, ಮಸಿಯ ಡಬ್ಬಿ ಮುಂದೆ ತಳ್ಳಿದ. "ಒತ್ತು ಹೆಬ್ಬೆಟ್ಟು."

ಹಿಂದೆ ಒಮ್ಮೆ ಹೀಗೇ ಒಂದು ಮಸಿಯ ಡಬ್ಬಿ ಮುಂದೆ ಬಂದಿತ್ತು. ಅವತ್ತು ಒತ್ತಿದ್ದಳು.

"ಓದಿ ಏಳಿ ಸಾ."

"ನೀನು ಹೇಳಿದ್ದನ್ನೇ ಬರ್ದಿದ್ದೀನಿ."

"ಅದನ್ನೇ ಓದಿ ಏಳಿ. ಕೇಳ್ತೀನಿ."

ಓದಿದ. ರಾಮಕ್ಕ ಎಂಬ ನಾನು, ಕಾವಲು ನಾಯಿಗೆ ನೀಡಬೇಕಾದ ಔಷಧವನ್ನು ಬೇಕೆಂದೇ ಬೀದಿನಾಯಿಗೆ ನೀಡಿ...

"ಬೇಕೆಂದೇ ಅನ್ನೋದು ತೆಗೀರಿ."

"ಏನಮ್ಮ, ನನಗೇ..."

"ತೆಗೀರಿ ಸಾ. ಮೊದಲ್ನೇ ಮುದ್ದೇಲಿ ಇಡು ಅಂದ್ರು, ಇಟ್ಟೆ ಅಂತ ಬರೀರಿ. ಯಾವ ನಾಯಿಗೆ, ಯಾವ ರೋಗಕ್ಕೆ ಅಂತ ಎರಡು ವರ್ಸದಲ್ಲಿ ಒಬ್ರೂ ಏಳಲಿಲ್ಲ ಅಂತಾನೂ ಬರೀರಿ. ಸೊಳ್ಳೆ ಉಟ್ಟೋದು ನಮ್ ಬಾವೀಲಿ, ಅದಕ್ಕೆ ಬಚ್ಚಲು ಬಿಟ್ಟೋರು ಕಂಪನಿಯೋರು ಅಂತ ಬರೀರಿ. ಆಮ್ಯಾಕೆ ಒತ್ತೀನಿ. ಬೇಕಾದ್ರೆ ಹತ್ತೂ ಬೆಟ್ಟು ಒತ್ತೀನಿ."

ಬಾಗಿಲಲ್ಲಿ ನಲ್ಲಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ. ಊಟದ ಗಂಟೆಗೆ ಮುಂಚೆಯೇ ಶೆಡ್ಡಿನಿಂದ ನಾಲ್ಕೈದು ಜನ ಬಂದು ಹಿಂದೆ ನಿಂತಿದ್ದರು. ಜಯಸಿಂಹ ಅವರನ್ನು ನೋಡಿದ. ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡ. "ಹೆಬ್ಬೆಟ್ಟು ಬೇಡ. ಹೋಗು ನೀನು" ಅಂದ.

ಕೆಲಸ ಹೋಗುವುದಕ್ಕೆ ಕಾಗದ ಬೇಕಾಗಲಿಲ್ಲ.

*

ಕ್ಯಾಂಟೀನಿನಿಂದ ಅವಳು ತೆಗೆದುಕೊಂಡದ್ದು ಹಿಟ್ಟಿನ ಕೋಲು, ಮನೆಯಿಂದ ತಂದದ್ದು, ಮತ್ತು ಅಂಚು ಒಡೆದ ತನ್ನ ತಟ್ಟೆ. ರಾಣಿಯ ಬೆಲ್ಟು ಕಟ್ಟೆಯ ಮೇಲೇ ಉಳಿಯಿತು. ತೊಳಸಿದ ಹಿಟ್ಟು ಪಾತ್ರೆಯಲ್ಲೇ ಇತ್ತು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಹದಿಮೂರು ಮುದ್ದೆ ಕಟ್ಟಿದಳು: ಹನ್ನೆರಡು ನಾಯಿಗಳಿಗೆ, ಒಂದು ತನಗೆ. ಡಾಕ್ಟರು ಕೈ ತೊಳೆಯುವ ನೆಪದಲ್ಲಿ ಬಂದು, ಹತ್ತು ಮಾತ್ರೆಯ ಪೊಟ್ಟಣವೊಂದನ್ನು ತಟ್ಟೆಯ ಅಂಚಿನಲ್ಲಿಟ್ಟರು.

"ಕೆಂಚನಿಗೆ. ಅರ್ಧರ್ಧ ಹಾಕು, ಸಾಕು. ಅಷ್ಟು ದಿನದೊಳಗೆ ಇನ್ನಷ್ಟು ತಂದುಕೊಡ್ತೀನಿ. ತಪ್ಪಿಸ್ಬೇಡ. ಬೇರೆ ನಾಯಿಗೆ ಮಾತ್ರ..."

"ಆಕಲ್ಲ ಸಾ. ರಕ್ತ ನೋಡ್ದೆ ಆಕಬಾರದು. ಈಗ ಗೊತ್ತಾಯ್ತಲ್ಲ." ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಕೇಳಿದಳು: "ಚಿಕ್ಕಮುನಿಯಪ್ಪನ ನಾಯಿಗೆ ಆ ಸೂಜಿಮದ್ದು?"

ಡಾಕ್ಟರು ಹೆಬ್ಬಾಳದ ಕಾಲೇಜಿಗೆ ಕರೆತಂದರೆ ನೋಡುತ್ತೇನೆ ಅಂದರು. ಕಟ್ಟಿಹಾಕಲು ಕೊಟ್ಟಿಗೆ ಬೇಕು, ದಿನ ಬೇಕು, ಆದರೂ ಉಳಿಯುತ್ತದೆಂದು ಹೇಳಲಾರೆ ಅಂದರು. ರಾಮಕ್ಕ ತಲೆಯಾಡಿಸಿದಳು. ಇಲ್ಲಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ನಾಯಿ ಹತ್ತಿಸುವವರು ಯಾರು ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಗೇಟು ದಾಟುವಾಗ ನಲ್ಲಪ್ಪ ಮೆಲ್ಲಗೆ ಅಂದ: "ವಾಸಂತಿಗೆ ಏನಂತೀಯಕ್ಕ?"

"ಇದ್ದದ್ದು ಇದ್ದಂಗೆ. ಮುನಿಸ್ಕಂತಾಳೆ. ಮುನಿಸ್ಕಳ್ಳಿ." ನೀಲಿ ಕೋಟು ಕಣ್ಣಮುಂದೆ ಒಂದು ಸಲ ಬಂದು ಹೋಯಿತು.

ಬೇಲಿಯ ಹೊರಗೆ ನಾಯಿಗಳು ಮುತ್ತಿಕೊಂಡವು. ಮೊದಲ ಮುದ್ದೆ, ಅರ್ಧ ಮಾತ್ರೆಯಿಟ್ಟು, ಕೆಂಚನಿಗೆ. ಅಗಿಯದೆ ನುಂಗಿತು. ಕುಂಟನಿಗೆ, ಬಾಣಂತಿಗೆ, ಮುದಿಯನಿಗೆ, ಬಿಳಿಯದಕ್ಕೆ, ಬರೀ ಮುದ್ದೆ. ಹೊಟ್ಟೆ ತುಂಬಿದ ನಾಯಿ ಇನ್ಯಾರೋ ಎಸೆದ ವಿಷದ ತುತ್ತನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ನಾಳೆ ಎಂ.ಡಿ. ಬಂದು ಏನೆನ್ನುತ್ತಾನೋ, ಈ ಡಾಕ್ಟರಲ್ಲದಿದ್ದರೆ ಇನ್ನೊಬ್ಬ ಸಹಿ ಹಾಕುತ್ತಾನೋ. ಇವತ್ತಿಗೆ ಹೊಟ್ಟೆ ತುಂಬಿದೆ.

ಹಿಂದಿನಿಂದ ಗುರ್ ಅನ್ನುವ ಸದ್ದು. ತಿರುಗಿದಳು. ಗೇಟಿನ ಒಳಗೆ ಜಯಸಿಂಹ ಕುಕ್ಕರಗಾಲಲ್ಲಿ ಕೂತು ಮೇಜರನ ಬಾಯಿಗೆ ಬ್ರೆಡ್ಡಿನ ಚೂರು ಹಿಡಿದಿದ್ದ. ನಾಯಿ ಬ್ರೆಡ್ಡು ತಿಂದಿತು. ನಾಲಿಗೆಯಲ್ಲಿ ಹೊರಳಿಸಿ ಬಿಳಿ ಮಾತ್ರೆಯನ್ನು ನೆಲಕ್ಕೆ ಉಗುಳಿತು. ಅವನು ಎತ್ತಿ, ಒರೆಸಿ, ಮತ್ತೆ ಹಿಡಿದ. ಮತ್ತೆ ಉಗುಳಿತು. ಮೂರನೇ ಸಲ ಅವನು ದವಡೆ ಹಿಡಿಯಲು ಹೋದಾಗ ಹಲ್ಲು ತೋರಿಸಿತು.

ರಾಮಕ್ಕ ನಡೆದಳು. ಹತ್ತು ಹೆಜ್ಜೆ ಹೋಗಿ ನಿಂತಳು. ಕಾಲು ಮುಂದಕ್ಕೆ, ಮನಸ್ಸು ಹಿಂದಕ್ಕೆ. ತಟ್ಟೆಯಲ್ಲಿ ತನಗೆ ಅಂತ ಇಟ್ಟುಕೊಂಡಿದ್ದ ಹದಿಮೂರನೆಯ ಮುದ್ದೆ ಇತ್ತು. ಬೈದುಕೊಳ್ಳುತ್ತಲೇ ವಾಪಸು ಬಂದು, ಅದನ್ನು ಗೇಟಿನ ಸರಳಿನ ಸಂದಿಯಿಂದ ಒಳಗೆ ಚಾಚಿದಳು.

"ತಗಳಿ. ಬೆಚ್ಚಗಿರೋವಾಗ ನಡುಮಧ್ಯಕ್ಕೆ ಒತ್ತಿ ಮಾತ್ರೆ ಇಡ್ಬೇಕು. ಆರಿದ್ರೆ ಬಿರಿತದೆ, ಉಗುಳ್ತದೆ." ಜಯಸಿಂಹ ಎದ್ದು ನಿಂತ. ತೆಗೆದುಕೊಳ್ಳಲಿಲ್ಲ. ಅವಳ ಕೈ ಸರಳಿನ ಒಳಗೇ ಇತ್ತು. "ಇಡೀರಿ ಸಾ. ನಾಯಿ ಏನ್ ಮಾಡೈತೆ? ಮೊದಲ್ನೇದು ಅದಕ್ಕೇ ಆಕಿ, ದಿನಾ ಆಕಿ. ನಾನು ಮಾಡಿದ್ದು ನೀವು ಮಾಡ್ಬ್ಯಾಡಿ."

ಕೊನೆಗೆ ಅವನು ಕೈ ಚಾಚಿದ. ಮುದ್ದೆ ಇನ್ನೂ ಬೆಚ್ಚಗಿತ್ತು.